ಹುಟ್ಟೂರಿನ ನೆನಪೂ ಮನೆಯ ಕೈತೋಟವೂ

ಕೈತೋಟವನ್ನು ಹಾಕಬೇಕೆಂದು ಬಯಸುವ ಗೃಹಸ್ಥರ ಮನಸ್ಸಿನಲ್ಲಿ, ಒಂದು ಸಸಿಯನ್ನು ನೆಡುವುದಕ್ಕೆ ಮೊದಲೇ ತೋಟವೊಂದು ಇದ್ದೇ ಇರುತ್ತದೆ. ಬಾಲ್ಯದಲ್ಲಿ ಆಡಿದ ಹೊಳೆಯ ದಡ, ಅಜ್ಜನ ಮನೆಯ ಹಿತ್ತಲು, ಹೊಲದ ಬದುವಿನ ಹೊಂಗೆಯ ನೆರಳು ಇವುಗಳಲ್ಲಿ ಯಾವುದಾದರೊಂದು ಅವರ ಆಯ್ಕೆಯನ್ನು ನಡೆಸುತ್ತದೆ. ಈ ಅನುಭವವು ಕೈತೋಟಕ್ಕೆ ಒಳ್ಳೆಯ ಬಂಡವಾಳವೇ ಸರಿ. ಆದರೆ ಅದನ್ನು ಉಪಯೋಗಿಸುವ ಕ್ರಮವನ್ನು ಅರಿಯದಿದ್ದರೆ ನೀರು, ಹಣ, ಶ್ರಮ ಈ ಮೂರೂ ವ್ಯರ್ಥವಾಗುವುವು.

ಮಲೆನಾಡಿನಲ್ಲಿ ಬೆಳೆದು ಬೆಂಗಳೂರಿನಲ್ಲಿ ಮನೆ ಕಟ್ಟಿದವರು ಅಡಕೆ, ಏಲಕ್ಕಿ ಮುಂತಾದ ಸಸಿಗಳನ್ನು ಊರಿನಿಂದ ತರಿಸಿ ನೆಡುವುದುಂಟು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 300 ಅಂಗುಲ ಮಳೆಯಾದರೆ ಬೆಂಗಳೂರಿನಲ್ಲಿ ಬೀಳುವುದು 40 ಅಂಗುಲದ ಆಸುಪಾಸು ಮಾತ್ರ. ಬಯಲಿನ ಒಣಗಾಳಿಗೆ ಏಲಕ್ಕಿಯ ಎಲೆ ಒಣಗುತ್ತದೆ. ಎಳೆಯ ಅಡಕೆಯ ಕಾಂಡಕ್ಕೆ ನೈರುತ್ಯದ ಬಿಸಿಲು ನೇರವಾಗಿ ತಗಲಿದರೆ ಅದು ಬೆಂದು ಸೀಳುತ್ತದೆ. ಬಯಲುಸೀಮೆಯಲ್ಲಿ ಅಡಕೆ ಬೆಳೆಯುವವರಿಗೆ ನೀರಾವರಿಯ ಬಲವಿರುತ್ತದೆ. ಮನೆಯ ಕೊಳಾಯಿಯನ್ನು ನಂಬಿ ಅವರನ್ನು ಅನುಸರಿಸಿದರೆ ಗಿಡಗಳು ಸೊರಗುವುದಲ್ಲದೆ, ಮನೆಯವರಿಗೆ ತೋಟದಲ್ಲಿದ್ದ ಆಸಕ್ತಿಯೂ ಅವುಗಳ ಜೊತೆಗೇ ಬತ್ತುತ್ತದೆ.

ಆದಕಾರಣ ಹುಟ್ಟೂರಿನಿಂದ ಗಿಡಕ್ಕೆ ಬದಲಾಗಿ, ಅಲ್ಲಿ ಗಿಡಗಳನ್ನು ಹೊಂದಿಸಿದ್ದ ರೀತಿಯನ್ನು ತರತಕ್ಕದ್ದು. ಅಡಕೆಯ ತೋಟವು ತಂಪಾಗಿರುವುದು ಹೇಗೆ? ಮೇಲೆ ಎತ್ತರದ ಮರ, ನಡುವೆ ಬಾಳೆ, ಕೆಳಗೆ ನೆರಳನ್ನು ಸಹಿಸುವ ಗಿಡ, ನೆಲಕ್ಕೆ ಸೊಪ್ಪಿನ ಹೊದಿಕೆ. ಇದೇ ಅಂತಸ್ತುಗಳನ್ನು ಬಯಲುಸೀಮೆಯ ಹಿತ್ತಲಿನಲ್ಲಿ ನುಗ್ಗೆ, ಕರಿಬೇವು, ಅರಿಸಿನ, ಶುಂಠಿಗಳಿಂದ ರಚಿಸಬಹುದು. ಬಚ್ಚಲ ನೀರು ಹರಿಯುವೆಡೆ ಬಾಳೆಯನ್ನೂ ಕೆಸುವನ್ನೂ ಹಾಕಬಹುದು. ಗಿಡದ ಸುತ್ತಲೂ, ಕಾಂಡಕ್ಕೆ ತಾಗದಂತೆ, 3 ಅಂಗುಲ ದಪ್ಪ ತರಗೆಲೆಯನ್ನು ಹರಡಿದರೆ ನೆಲದ ತೇವವು ಬೇಗ ಆರದು.

ಬಯಲುಸೀಮೆಯಿಂದ ಮಲೆನಾಡಿಗೆ ಹೋಗಿ ನೆಲೆಸುವವರಿಗೂ ಈ ಮಾತು ಸಲ್ಲುತ್ತದೆ. ಹನಿ ನೀರನ್ನೂ ಹಿಡಿದಿಡುವ ತಗ್ಗಿನ ಪಾತಿಯನ್ನು ನೋಡಿ ಬೆಳೆದವರು ಅಲ್ಲಿಯೂ ಅದನ್ನೇ ಮಾಡಿದರೆ, ಆಷಾಢದ ಮಳೆಗೆ ಪಾತಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅಲ್ಲಿ ಏರುಮಡಿಯೂ ಬಸಿಗಾಲುವೆಯೂ ಅವಶ್ಯಕ. ನೀರಿನ ಓಟವನ್ನು ಗಮನಿಸುವ ಅವರ ಕಣ್ಣು ಮಾತ್ರ ಎರಡು ಸೀಮೆಗಳಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಹಳೆಯ ಅನುಭವದೊಡನೆ ಹೊಸ ನಿವೇಶನದ ಅನುಭವವೂ ಸೇರಬೇಕು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ. ಡಿಸೆಂಬರಿನಲ್ಲಾದರೋ ದಕ್ಷಿಣಕ್ಕೆ ಬಹಳ ವಾಲುವುದರಿಂದ, 20 ಅಡಿ ಎತ್ತರದ ಮರದ ನೆರಳು ನಡುಹಗಲಿನಲ್ಲಿಯೇ ಉತ್ತರದ ಕಡೆಗೆ ಸುಮಾರು 15 ಅಡಿ ಚಾಚುತ್ತದೆ. ಬೇಸಗೆಯ ಬಿಸಿಲನ್ನು ಮಾತ್ರ ನೋಡಿ ಮರದ ಉತ್ತರಕ್ಕೆ ತರಕಾರಿಯ ಮಡಿಗಳನ್ನು ಮಾಡಿದರೆ, ಚಳಿಗಾಲದಲ್ಲಿ ಬದನೆ, ಟೊಮೇಟೊಗಳಿಗೆ ಬಿಸಿಲು ಸಾಲದೆ ಕಾಯಿ ಕಡಮೆಯಾಗುವುದು. ಮುಂಗಾರಿನಲ್ಲಿ ಗಾಳಿಯು ಪಶ್ಚಿಮದ ಕಡೆಯಿಂದ ಬಲವಾಗಿ ಬೀಸುವುದರಿಂದ, ಆ ದಿಕ್ಕಿಗೆ ತೆರೆದಿರುವ ಬಾಳೆಗೆ ಮರೆಯಾಗಲಿ ಊರೆಗೋಲಾಗಲಿ ಬೇಕು.

ಆದುದರಿಂದ ಮರಗಳನ್ನು ನೆಡುವುದಕ್ಕೆ ಮೊದಲು ಒಂದು ವರ್ಷದ ಬಿಸಿಲು, ಗಾಳಿ, ನೀರಿನ ಹರಿವುಗಳನ್ನು ನೋಡಿ ಗೂಟಗಳಿಂದ ಗುರುತು ಮಾಡಿಕೊಳ್ಳುವುದು ಲೇಸು. ಅಷ್ಟರಲ್ಲಿ ದಂಟು, ಮೆಂತ್ಯ, ಹುರುಳಿಕಾಯಿಗಳನ್ನು ಬಿತ್ತಿದರೆ ನೆಲವೂ ಬೀಳುಬೀಳದು. ಹುಟ್ಟೂರಿನ ಗಿಡ ಒಂದಾದರೂ ಬೇಕೇಬೇಕೆನ್ನುವವರು, ನೀರು ನಿಲ್ಲದ ನೆರಳಿನ ಜಾಗವನ್ನು ನೋಡಿ ಒಂದು ಕರಿಮೆಣಸಿನ ಬಳ್ಳಿಯನ್ನು ಮರಕ್ಕೆ ಹಬ್ಬಿಸಿಕೊಳ್ಳಬಹುದು. ಒಂದು ಬಳ್ಳಿಗೆ ಬೇಕಾದ ನೀರನ್ನೂ ಆರೈಕೆಯನ್ನೂ ಯಾವ ಮನೆಯವರಾದರೂ ಒದಗಿಸಬಲ್ಲರು.