ದೇಶದ ಹೆಸರಿನಲ್ಲಿ ಒಂದು ಹಾಡು: ಅಂತರರಾಷ್ಟ್ರೀಯ ಗೀತಸ್ಪರ್ಧೆಗಳಲ್ಲಿ ಆಯ್ಕೆಯ ಕ್ರಮ

ಹೈದರಾಬಾದಿನ ಚಿತ್ರೋದ್ಯಮದಲ್ಲಿ ರೂಪುಗೊಂಡ 'ಆರ್‌.ಆರ್‌.ಆರ್‌.' ಎಂಬ ತೆಲುಗು ಚಲನಚಿತ್ರದ 'ನಾಟು ನಾಟು' ಗೀತೆಗೆ ೨೦೨೩ನೆಯ ಇಸವಿಯ ಮಾರ್ಚ್ ೧೨ರಂದು ಲಾಸ್ ಏಂಜಲೀಸಿನಲ್ಲಿ ಅತ್ಯುತ್ತಮ ಮೂಲಗೀತೆಯೆಂಬ ಆಸ್ಕರ್ ಪ್ರಶಸ್ತಿ ದೊರೆಯಿತು. ಜನರು ಅದನ್ನು ಭಾರತದ ವಿಜಯವೆಂದು ಕೊಂಡಾಡಿದರು. ಹಾಗೆ ಕೊಂಡಾಡಿದುದು ಸಹಜವೇ. ಆದರೆ ಭಾರತವು ಆ ಹಾಡನ್ನಾಗಲಿ ಆ ಚಿತ್ರವನ್ನಾಗಲಿ ತನ್ನ ಹೆಸರಿನಲ್ಲಿ ಅಲ್ಲಿಗೆ ಕಳುಹಿಸಿರಲಿಲ್ಲ. ಆ ವರ್ಷ ದೇಶದ ಅಧಿಕೃತ ಆಯ್ಕೆಯಾಗಿ ಹೋದುದು ಒಂದು ಗುಜರಾತಿ ಚಿತ್ರ. ದೇಶವು ಕಳುಹಿಸದ ಕೃತಿ ದೇಶಕ್ಕೆ ಕೀರ್ತಿ ತಂದುದು ಹೇಗೆ? ಒಂದು ಹಾಡಿಗೆ ಒಂದು ನಾಡಿನ ಪ್ರಾತಿನಿಧ್ಯವನ್ನು ಕೊಡುವ ಅಧಿಕಾರ ಯಾರದು? ತಾಯ್ನಾಡಿನಿಂದ ಹೊರಗೆ, ಅನ್ಯಭಾಷೆಯ ನಡುವೆ ಬಾಳುವ ಜನರಿಗೆ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ತಮ್ಮ ನುಡಿಗೆ ಲೋಕದ ಸಭೆಯಲ್ಲಿ ಪೀಠ ದೊರೆಯುವುದು ಯಾವ ಬಾಗಿಲಿನಿಂದ ಎಂಬುದನ್ನು ಅವರು ತಿಳಿಯಬೇಕಾಗಿದೆ.

ಯೂರೋಪಿನ ಪದ್ಧತಿ

ದೇಶಗಳೇ ಹಾಡನ್ನು ಆರಿಸಿ ಕಳುಹಿಸುವ ಸ್ಪರ್ಧೆಗಳಲ್ಲಿ ಪ್ರಸಿದ್ಧವಾದುದು ಯೂರೋವಿಷನ್ ಗೀತಸ್ಪರ್ಧೆ. ಇದು ಮೊದಲು ನಡೆದುದು ೧೯೫೬ರ ಮೇ ೨೪ರಂದು, ಸ್ವಿಟ್ಸರ್ಲೆಂಡಿನ ಲುಗಾನೊ ನಗರದಲ್ಲಿ. ಅಂದು ಸೇರಿದುದು ಏಳು ದೇಶಗಳು. ಒಂದೊಂದು ದೇಶಕ್ಕೆ ಎರಡೆರಡು ಹಾಡು. ೧೯೫೧ರಿಂದ ಇಟಲಿಯ ಸಾನ್‌ರೆಮೊ ಪಟ್ಟಣದಲ್ಲಿ ನಡೆಯುತ್ತಿದ್ದ ಗೀತೋತ್ಸವವೇ ಇದಕ್ಕೆ ಮಾದರಿಯಾಯಿತು.

ಇಲ್ಲಿ ಮೊದಲು ಗ್ರಹಿಸಬೇಕಾದ ಅಂಶವೆಂದರೆ, ಸ್ಪರ್ಧೆಯಲ್ಲಿ ಭಾಗವಹಿಸುವುದು ಸರ್ಕಾರಗಳಲ್ಲ, ಪ್ರಸಾರ ಸಂಸ್ಥೆಗಳು. ಯೂರೋಪಿನ ಪ್ರಸಾರ ಒಕ್ಕೂಟದ ಸದಸ್ಯ ಸಂಸ್ಥೆಯು ತನ್ನ ದೇಶದ ಪರವಾಗಿ ಹಾಡನ್ನು ನಿಶ್ಚಯಿಸುತ್ತದೆ. ಹೇಗೆ ನಿಶ್ಚಯಿಸಬೇಕೆಂಬುದು ಬಹುಮಟ್ಟಿಗೆ ಅದರ ಇಷ್ಟಕ್ಕೆ ಬಿಟ್ಟುದು. ಆದುದರಿಂದ ಮೂರು ಬಗೆಯ ಕ್ರಮಗಳು ಬಳಕೆಗೆ ಬಂದಿವೆ. ಸಂಸ್ಥೆಯ ಅಧಿಕಾರಿಗಳೂ ತಜ್ಞರೂ ಕುಳಿತು ಗಾಯಕನನ್ನೂ ಹಾಡನ್ನೂ ತಾವೇ ಆರಿಸುವುದು ಮೊದಲನೆಯದು. ದೇಶದೊಳಗೆ ಬಹಿರಂಗ ಸ್ಪರ್ಧೆ ಏರ್ಪಡಿಸಿ, ತೀರ್ಪುಗಾರರ ಅಂಕಗಳನ್ನೂ ಜನರ ಮತಗಳನ್ನೂ ಕೂಡಿಸಿ ತೀರ್ಮಾನಿಸುವುದು ಎರಡನೆಯದು. ಗಾಯಕನನ್ನು ಸಂಸ್ಥೆ ಗೊತ್ತುಮಾಡಿ, ಅವನು ಯಾವ ಹಾಡು ಹಾಡಬೇಕೆಂಬುದನ್ನು ಮಾತ್ರ ಜನರಿಗೆ ಬಿಡುವುದು ಮೂರನೆಯದು.

ಎರಡನೆಯ ಕ್ರಮಕ್ಕೆ ಸ್ವೀಡನ್ ಉತ್ತಮ ನಿದರ್ಶನ. ಅಲ್ಲಿಯ ಆಯ್ಕೆಯ ಸ್ಪರ್ಧೆಯು ೨೦೦೨ರಿಂದ ಊರಿಂದೂರಿಗೆ ಸಾಗುವ ಹಲವು ವಾರಗಳ ಉತ್ಸವವಾಗಿ ಬೆಳೆಯಿತು. ಇಟಲಿಯಲ್ಲಿ ಸಾನ್‌ರೆಮೊದಲ್ಲಿ ಗೆದ್ದವರಿಗೆ ಯೂರೋವಿಷನ್ನಿಗೆ ಹೋಗುವ ಮೊದಲ ಹಕ್ಕುಂಟು. ಆದರೆ ಅದು ಹಕ್ಕು, ಕರ್ತವ್ಯವಲ್ಲ. ೨೦೨೫ರಲ್ಲಿ ಗೆದ್ದ ಗಾಯಕನು ಹೋಗಲೊಲ್ಲದೆ ಇದ್ದುದರಿಂದ ಎರಡನೆಯ ಸ್ಥಾನದ ಲೂಚೊ ಕೋರ್ಸಿ ಹೋಗಬೇಕಾಯಿತು.

ಜನಮತದ ಆಯ್ಕೆಯೂ ಅಂತಿಮವಾಗದಿರಬಹುದು. ೨೦೨೨ರ ಫೆಬ್ರವರಿಯಲ್ಲಿ ಉಕ್ರೇನಿನ ಆಯ್ಕೆಯ ಸ್ಪರ್ಧೆಯಲ್ಲಿ ಗೆದ್ದ ಗಾಯಕಿಯು ಹಿಂದೆ ಕ್ರಿಮಿಯಕ್ಕೆ ಮಾಡಿದ್ದ ಪ್ರಯಾಣದ ದಾಖಲೆಗಳ ವಿಷಯದಲ್ಲಿ ವಿವಾದವೆದ್ದು, ಕೆಲವೇ ದಿನಗಳಲ್ಲಿ ಹಿಂದೆ ಸರಿದಳು. ಆಕೆಯ ಬದಲು ಹೋದ ಕಲುಷ್ ಆರ್ಕೆಸ್ಟ್ರ ತಂಡವು ಯುದ್ಧದ ನಡುವೆ, ಮೇ ತಿಂಗಳಿನಲ್ಲಿ ತೂರಿನ್ ನಗರದಲ್ಲಿ ಪ್ರಥಮ ಸ್ಥಾನ ಪಡೆಯಿತು. ದೇಶದ ಹೆಸರನ್ನು ಹೊತ್ತವರಿಗೆ ಕಂಠವೊಂದೇ ಸಾಲದು, ಅವರ ನಡೆಯೂ ಪರೀಕ್ಷೆಗೆ ಒಳಗಾಗುತ್ತದೆ ಎಂಬುದು ಇದರಿಂದ ವಿದಿತವಾಗುವುದು.

ಇಷ್ಟಾದರೂ ಹಾಡುವವರು ಆ ದೇಶದ ಪ್ರಜೆಗಳೇ ಆಗಿರಬೇಕೆಂಬ ನಿಯಮವನ್ನು ಯೂರೋವಿಷನ್ ವಿಧಿಸಿಲ್ಲ. ೧೯೬೫ರಲ್ಲಿ ಪುಟ್ಟ ಲಕ್ಸೆಂಬರ್ಗಿಗೆ ಜಯ ತಂದುಕೊಟ್ಟವಳು ಫ್ರಾನ್ಸಿನ ಫ್ರಾನ್ಸ್ ಗಾಲ್. ೧೯೮೮ರಲ್ಲಿ ಸ್ವಿಟ್ಸರ್ಲೆಂಡಿಗೆ ಜಯ ತಂದವಳು ಕೆನಡಾದ ಸೆಲಿನ್ ಡಿಯೋನ್. ಇಲ್ಲಿ ಪ್ರಾತಿನಿಧ್ಯವು ಹುಟ್ಟಿನಿಂದ ಬರುವುದಲ್ಲ, ಕಳುಹಿಸಿದವರ ಮುದ್ರೆಯಿಂದ ಬರುವುದು.

ಭಾಷೆಯ ನಿಯಮ

ಗಾಯಕರ ವಿಷಯದಲ್ಲಿ ಉದಾರವಾದ ಈ ಸ್ಪರ್ಧೆ ಭಾಷೆಯ ವಿಷಯದಲ್ಲಿ ಬಹುಕಾಲ ಡೋಲಾಯಮಾನವಾಗಿತ್ತು. ಮೊದಲ ವರ್ಷಗಳಲ್ಲಿ ಲಿಖಿತ ನಿಯಮವಿರಲಿಲ್ಲ. ಪ್ರತಿಯೊಂದು ದೇಶವೂ ತನ್ನ ನುಡಿಯಲ್ಲಿಯೇ ಹಾಡುವುದೆಂಬ ನಂಬಿಕೆಯಿತ್ತು. ೧೯೬೫ರಲ್ಲಿ ಸ್ವೀಡನ್ ಇಂಗ್ಲಿಷಿನಲ್ಲಿ ಹಾಡಿತು. ಮರುವರ್ಷವೇ, ದೇಶಭಾಷೆಯಲ್ಲಿಯೇ ಹಾಡಬೇಕೆಂಬ ಕಟ್ಟಳೆ ಬಂದಿತು. ೧೯೭೩ರಲ್ಲಿ ಅದು ಸಡಿಲವಾಯಿತು; ಅದರ ಮರುವರ್ಷ ಸ್ವೀಡನ್ನಿನ ಅಬ್ಬಾ ತಂಡವು ಇಂಗ್ಲಿಷ್ ಹಾಡಿನಿಂದ ಗೆದ್ದಿತು. ೧೯೭೭ರಲ್ಲಿ ಕಟ್ಟಳೆ ಮರಳಿ ಬಂದು, ೧೯೯೯ರಲ್ಲಿ ಪೂರ್ಣವಾಗಿ ತೆಗೆದುಹಾಕಲ್ಪಟ್ಟಿತು. ಆಮೇಲೆ ಇಂಗ್ಲಿಷಿನ ಪ್ರವಾಹ ನುಗ್ಗಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೧೬ರಲ್ಲಿ ಉಕ್ರೇನಿನ ಜಮಾಲಾ ತನ್ನ ಜನಾಂಗದ ಗಡೀಪಾರಿನ ದುಃಖವನ್ನು ಕುರಿತ ಹಾಡಿನಲ್ಲಿ ಇಂಗ್ಲಿಷಿನೊಡನೆ ಕ್ರಿಮಿಯದ ತಾತಾರ ಭಾಷೆಯನ್ನೂ ಬಳಸಿ ಗೆದ್ದಳು. ೨೦೧೭ರಲ್ಲಿ ಪೋರ್ಚುಗೀಸ್, ೨೦೨೧ರಲ್ಲಿ ಇಟಾಲಿಯನ್, ೨೦೨೨ರಲ್ಲಿ ಉಕ್ರೇನಿ ಭಾಷೆಯ ಹಾಡುಗಳು ಗೆದ್ದವು. ಇವರಾರೂ ಸ್ವಭಾಷೆಯಲ್ಲಿ ಹಾಡಿದುದು ಕಟ್ಟಳೆಗೆ ಕಟ್ಟುಬಿದ್ದಲ್ಲ. ಬಲವಂತದ ರಕ್ಷಣೆ ಹೋದಾಗ ಅನೇಕ ಭಾಷೆಗಳು ಹಿಂದೆ ಸರಿದುದೂ ನಿಜ. ಸ್ವಂತ ಇಚ್ಛೆಯಿಂದ ಉಳಿದವು ಹೆಚ್ಚಿನ ಗೌರವ ಪಡೆದುದೂ ನಿಜ.

ಭಾರತದ ಆಯ್ಕೆ

ಭಾರತವು ಯೂರೋವಿಷನ್ನಿನಲ್ಲಿ ಭಾಗವಹಿಸಿಲ್ಲ. ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದ ಪ್ರಸಾರ ಒಕ್ಕೂಟವು ೨೦೧೨ರಲ್ಲಿ ಸೋಲ್ ನಗರದಲ್ಲಿ ಆರಂಭಿಸಿದ ದೂರದರ್ಶನ ಗೀತೋತ್ಸವದಲ್ಲಿ ಅಂಕಗಳೂ ಇಲ್ಲ, ಸೋಲುಗೆಲವೂ ಇಲ್ಲ. ಆದುದರಿಂದ ಒಂದೇ ಕೃತಿಯನ್ನು ದೇಶದ ಹೆಸರಿನಲ್ಲಿ ಆರಿಸಿ ಸ್ಪರ್ಧೆಗೆ ಕಳುಹಿಸುವ ಭಾರತೀಯ ಪದ್ಧತಿಯನ್ನು ಅರಿಯಬೇಕಾದರೆ, ಹಾಡಿನ ನೆರೆಯ ಕ್ಷೇತ್ರವಾದ ಚಲನಚಿತ್ರದತ್ತ ನೋಡಬೇಕು.

ಆಸ್ಕರಿನ ಅಂತರರಾಷ್ಟ್ರೀಯ ಕಥಾಚಿತ್ರ ವಿಭಾಗಕ್ಕೆ, ೨೦೨೨ರಲ್ಲಿದ್ದ ನಿಯಮದಂತೆ, ಒಂದು ದೇಶದಿಂದ ಒಂದೇ ಚಿತ್ರ. ನಮ್ಮಲ್ಲಿ ಅದನ್ನು ಆರಿಸುವುದು ಸರ್ಕಾರದ ಇಲಾಖೆಯಲ್ಲ, ಚಿತ್ರೋದ್ಯಮದ ಸಂಘಗಳು ಸೇರಿ ೧೯೫೧ರಲ್ಲಿ ಕಟ್ಟಿದ ಭಾರತೀಯ ಚಲನಚಿತ್ರ ಒಕ್ಕೂಟ. ನಿರ್ಮಾಪಕರು ಶುಲ್ಕ ತೆತ್ತು ಅರ್ಜಿ ಸಲ್ಲಿಸಬೇಕು. ಒಕ್ಕೂಟವು ನೇಮಿಸಿದ ಸಮಿತಿಯು ಅವನ್ನು ನೋಡಿ ಒಂದನ್ನು ಆರಿಸುತ್ತದೆ. ೨೦೨೨ರ ಸಮಿತಿಯಲ್ಲಿ ಹದಿನೇಳು ಸದಸ್ಯರು. ಮುಂದಿದ್ದ ಚಿತ್ರಗಳು ಹದಿಮೂರು. ಸಮಿತಿಯ ಅಧ್ಯಕ್ಷರು 'ಸಂತ ಶಿಶುನಾಳ ಶರೀಫ', 'ಮೈಸೂರ ಮಲ್ಲಿಗೆ' ಚಿತ್ರಗಳನ್ನು ನಿರ್ದೇಶಿಸಿದ ಕನ್ನಡದ ಟಿ. ಎಸ್. ನಾಗಾಭರಣ. 'ಆರ್‌.ಆರ್‌.ಆರ್‌.' ಚಿತ್ರವೂ ಕಣದಲ್ಲಿದ್ದಿತು. ಆದರೆ ಆಯ್ಕೆಯಾದುದು ಪಾನ್ ನಳಿನ್ ನಿರ್ದೇಶಿಸಿದ 'ಛೆಲ್ಲೋ ಶೋ'. ಈ ತೀರ್ಮಾನವನ್ನು ಕುರಿತು ಹೈದರಾಬಾದಿನಲ್ಲಿ ಅಸಮಾಧಾನ ಕೇಳಿಬಂದರೂ, ಆ ಚಿತ್ರವು ಕಡೆಯ ಹದಿನೈದರ ಪಟ್ಟಿಯನ್ನು ಮುಟ್ಟಿತೆಂಬುದನ್ನು ಮರೆಯಲಾಗದು.

ದೋಷವಿರುವುದು ಆರಿಸಿದವರ ಅಭಿರುಚಿಯಲ್ಲಿ ಎನ್ನುವುದಕ್ಕಿಂತ ಬಾಗಿಲಿನ ಅಳತೆಯಲ್ಲಿ. ಹಲವು ಭಾಷೆಗಳಲ್ಲಿ ಚಿತ್ರ ನಿರ್ಮಿಸುವ ದೇಶಕ್ಕೂ ಒಂದೇ ಭಾಷೆಯ ದೇಶಕ್ಕೂ ಬಾಗಿಲು ಒಂದೇ ಅಗಲ. ೧೯೫೭ರ 'ಮದರ್ ಇಂಡಿಯಾ'ದಿಂದ ೨೦೨೨ರ ವರೆಗಿನ ಭಾರತದ ಪಟ್ಟಿಯಲ್ಲಿ ತೆಲುಗಿಗೆ ದೊರೆತುದು ಒಂದೇ ಸ್ಥಾನ, ೧೯೮೬ರಲ್ಲಿ, ಕೆ. ವಿಶ್ವನಾಥರ 'ಸ್ವಾತಿಮುತ್ಯಂ' ಚಿತ್ರಕ್ಕೆ. ಕನ್ನಡಕ್ಕೆ ಒಂದೂ ಇಲ್ಲ. ಆದರೆ ಅದೇ ೧೯೮೬ನೆಯ ವರ್ಷದ ಅತ್ಯುತ್ತಮ ಚಿತ್ರವೆಂದು ಭಾರತ ಸರ್ಕಾರದ ಸ್ವರ್ಣಕಮಲ ಪಡೆದುದು ಗಿರೀಶ ಕಾಸರವಳ್ಳಿಯವರ 'ತಬರನ ಕಥೆ'. ೧೯೭೦ರ 'ಸಂಸ್ಕಾರ', ೧೯೭೫ರ 'ಚೋಮನ ದುಡಿ', ೧೯೭೭ರ 'ಘಟಶ್ರಾದ್ಧ'ಗಳಿಗೂ ಅದೇ ಮನ್ನಣೆ ಸಂದಿತ್ತು. ಒಂದೇ ದೇಶದ ಎರಡು ಸಮಿತಿಗಳು ಎರಡು ತಕ್ಕಡಿಗಳಲ್ಲಿ ತೂಗಿದುವು. ಆದುದರಿಂದ ಒಂದು ಪಟ್ಟಿಯಲ್ಲಿ ಹೆಸರಿಲ್ಲದಿರುವುದನ್ನು ಭಾಷೆಯ ಯೋಗ್ಯತೆಯ ಮೇಲಿನ ತೀರ್ಪೆಂದು ತಿಳಿಯಬೇಕಾದುದಿಲ್ಲ.

ಹಾಡು ನಡೆದ ದಾರಿ

'ನಾಟು ನಾಟು' ಹೋದುದು ಬೇರೆ ಬಾಗಿಲಿನಿಂದ. ಮೂಲಗೀತೆಯ ವಿಭಾಗದಲ್ಲಿ ದೇಶಗಳಿಗೆ ಸ್ಥಾನವೇ ಇಲ್ಲ. ಚಿತ್ರವು ಅಮೆರಿಕೆಯ ಗೊತ್ತಾದ ನಗರಗಳ ಚಿತ್ರಮಂದಿರಗಳಲ್ಲಿ ನಿಯಮಿತ ಅವಧಿಗೆ ಪ್ರದರ್ಶನಗೊಂಡಿರಬೇಕು. ಪದಗಳೂ ಸ್ವರಸಂಯೋಜನೆಯೂ ಆ ಚಿತ್ರಕ್ಕಾಗಿಯೇ ಹೊಸದಾಗಿ ರಚಿತವಾಗಿರಬೇಕು. ಹಾಡು ಚಿತ್ರದಲ್ಲಿ ಸ್ಪಷ್ಟವಾಗಿ ಕೇಳಿಸಬೇಕು. ಈ ಷರತ್ತುಗಳನ್ನು ಪೂರೈಸಿದರೆ ಯಾವ ದೇಶದ, ಯಾವ ಭಾಷೆಯ ಹಾಡಾದರೂ ಕಣಕ್ಕಿಳಿಯಬಹುದು. ಆ ವರ್ಷ ಅರ್ಹವಾದ ಹಾಡುಗಳು ೮೧. ಅಕಾಡೆಮಿಯ ಸಂಗೀತ ಶಾಖೆಯ ಸದಸ್ಯರು, ಅಂದರೆ ಅದೇ ಕಸುಬಿನವರು, ಅವುಗಳಲ್ಲಿ ೧೫ನ್ನು ೨೦೨೨ರ ಡಿಸೆಂಬರಿನಲ್ಲಿ ಆರಿಸಿದರು. ೨೦೨೩ರ ಜನವರಿಯಲ್ಲಿ ಅವನ್ನು ಐದಕ್ಕೆ ಇಳಿಸಿದರು. ಆ ಐದರಲ್ಲಿ ರಿಹಾನ್ನಾ, ಲೇಡಿ ಗಾಗಾ ಮೊದಲಾದ ವಿಖ್ಯಾತರ ಹಾಡುಗಳಿದ್ದುವು. ಕಡೆಯ ಮತ ಅಕಾಡೆಮಿಯ ಎಲ್ಲ ಶಾಖೆಗಳ ಸದಸ್ಯರದು.

ಈ ದಾರಿ ಸುಲಭವಾದುದೇನಲ್ಲ. ಅಮೆರಿಕೆಯಲ್ಲಿ ಚಿತ್ರದ ಮರುಪ್ರದರ್ಶನ, ಸದಸ್ಯರ ಗಮನ ಸೆಳೆಯುವ ಪ್ರಚಾರ ಎಲ್ಲವೂ ನಡೆಯಬೇಕಾಯಿತು. ಹಣವಿಲ್ಲದ ಕೃತಿಗೆ ಈ ಬಾಗಿಲು ತೆರೆದಿದ್ದರೂ ದೂರವೇ.

ಭಾಷೆಯ ದೃಷ್ಟಿಯಿಂದ ಇನ್ನೊಂದು ಅಂಶ ಗಮನಾರ್ಹವಾದುದು. ಇದೇ ಹಾಡು ಹಿಂದಿ, ತಮಿಳು, ಮಲೆಯಾಳಗಳಲ್ಲಿಯೂ ಬಂದಿತು. ಕನ್ನಡದಲ್ಲಿ 'ಹಳ್ಳಿ ನಾಟು' ಎಂಬ ಹೆಸರಿನಲ್ಲಿ ಬಂದಿತು. ಪಶ್ಚಿಮದ ಅನೇಕ ಪ್ರೇಕ್ಷಕರು ಚಿತ್ರವನ್ನು ಮನೆಯಲ್ಲಿ ಕುಳಿತು ನೋಡಿದುದು ಹಿಂದಿಯಲ್ಲಿ. ಆದರೂ ಪ್ರಶಸ್ತಿ ಸಂದುದು ಸಂಗೀತ ನಿರ್ದೇಶಕ ಎಂ. ಎಂ. ಕೀರವಾಣಿ ಮತ್ತು ಮೂಲ ತೆಲುಗು ಪದಗಳನ್ನು ರಚಿಸಿದ ಚಂದ್ರಬೋಸ್ ಇವರಿಬ್ಬರಿಗೆ. ಅನುವಾದವು ಹಾಡನ್ನು ಹರಡಿತು. ಮನ್ನಣೆಯನ್ನು ಪಡೆದುದು ಮೂಲ. ಇಂಗ್ಲಿಷೇತರ ಹಾಡಿಗೆ ಈ ಪ್ರಶಸ್ತಿ ಸಂದುದು ಅದಕ್ಕೆ ಮೊದಲು ಮೂರೇ ಬಾರಿ: ಗ್ರೀಕ್, ಸ್ಪ್ಯಾನಿಷ್ ಮತ್ತು ಹಿಂದಿ ಭಾಷೆಗಳಿಗೆ. ಅವುಗಳಲ್ಲಿ ಹಿಂದಿಯ 'ಜೈ ಹೋ' ಇದ್ದುದು ಬ್ರಿಟಿಷ್ ನಿರ್ಮಾಣದ ಚಿತ್ರದಲ್ಲಿ.

ಯಾರ ಹಾಡು?

ಈ ವಿಜಯ ಯಾರದೆಂಬ ವಿಚಾರವೂ ಸರಳವಲ್ಲ. ಚಂದ್ರಬೋಸ್ ತೆಲಂಗಾಣದವರು, ಕೀರವಾಣಿ ಆಂಧ್ರದ ಕೊವ್ವೂರಿನವರು, ಗಾಯಕರಲ್ಲಿ ಒಬ್ಬರಾದ ರಾಹುಲ್ ಸಿಪ್ಲಿಗಂಜ್ ಹೈದರಾಬಾದಿನವರು, ನೃತ್ಯದ ಹಿನ್ನೆಲೆಯಲ್ಲಿರುವುದು ಉಕ್ರೇನಿನ ಕೀವ್ ನಗರದ ಅರಮನೆ. ನಿರ್ದೇಶಕ ಎಸ್. ಎಸ್. ರಾಜಮೌಳಿ ೧೯೭೩ರಲ್ಲಿ ಹುಟ್ಟಿದುದು ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ. ೧೯೫೬ರ ನವೆಂಬರ್ ೧ರ ವರೆಗೆ ಹೈದರಾಬಾದು ರಾಜ್ಯದಲ್ಲಿದ್ದ ಆ ಜಿಲ್ಲೆಯಲ್ಲಿ, ತುಂಗಭದ್ರೆಯ ಕಾಲುವೆಯ ನೀರನ್ನು ನಂಬಿ ಬಂದ ತೆಲುಗು ಒಕ್ಕಲಿನವರ ಕ್ಯಾಂಪುಗಳು ಇಂದಿಗೂ ಇವೆ. ಹಾಗೆಂದು ಆ ಹಾಡನ್ನು ಕನ್ನಡದ್ದೆನ್ನಲಾಗದು. ಕರ್ನಾಟಕದ ಮಣ್ಣಿಗೂ ಅದಕ್ಕೂ ಸಂಬಂಧವೇ ಇಲ್ಲವೆನ್ನಲೂ ಆಗದು.

ನಾಡಗೀತೆಯ ಆಯ್ಕೆಯಲ್ಲಿ ಈ ಪ್ರಶ್ನೆ ತೀವ್ರವಾಗುತ್ತದೆ. ೨೦೨೪ರಲ್ಲಿ ತೆಲಂಗಾಣವು ಅಂದೆಶ್ರೀಯವರ 'ಜಯ ಜಯಹೇ ತೆಲಂಗಾಣ'ವನ್ನು ರಾಜ್ಯಗೀತೆಯಾಗಿ ಅಂಗೀಕರಿಸಿ, ಸ್ವರಸಂಯೋಜನೆಯನ್ನು ಕೀರವಾಣಿಯವರಿಗೆ ಒಪ್ಪಿಸಿದಾಗ, ತೆಲಂಗಾಣದ ಕೆಲವು ಸಂಗೀತಗಾರರು ಆಂಧ್ರದವರಿಗೆ ಈ ಹೊಣೆಯೇಕೆಂದು ಆಕ್ಷೇಪಿಸಿದರು. ಜಗತ್ತಿನ ಮುಂದೆ 'ನಮ್ಮವರು' ಎನಿಸಿದವರು ಮರುವರ್ಷವೇ ಮನೆಯಂಗಳದಲ್ಲಿ ಹೊರಗಿನವರಾದರು. ಕರ್ನಾಟಕದಲ್ಲಿ ತಕರಾರು ಕವಿಯದಲ್ಲ, ಧಾಟಿಯದು. ಕುವೆಂಪು ಅವರ ಕವಿತೆ ೨೦೦೪ರಲ್ಲಿ ನಾಡಗೀತೆಯಾದ ಮೇಲೆಯೂ ಯಾವ ಧಾಟಿಯಲ್ಲಿ ಹಾಡಬೇಕೆಂಬುದು ಇತ್ಯರ್ಥವಾಗದೆ ಉಳಿಯಿತು. ಎಚ್. ಆರ್. ಲೀಲಾವತಿಯವರ ಸಮಿತಿಯ ಶಿಫಾರಸಿನಂತೆ ೨೦೨೨ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಸರ್ಕಾರ ಗೊತ್ತುಮಾಡಿತು. ಆ ಆದೇಶದ ವಿಷಯ ಉಚ್ಚ ನ್ಯಾಯಾಲಯದ ವರೆಗೂ ಹೋಯಿತು.

ಈ ನಿದರ್ಶನಗಳನ್ನು ಒಟ್ಟಾಗಿ ನೋಡಿದರೆ ಬಾಗಿಲುಗಳು ಬೇರೆಬೇರೆ, ಅಳತೆಗೋಲುಗಳೂ ಬೇರೆಬೇರೆ ಎಂಬುದು ಸ್ಪಷ್ಟವಾಗುತ್ತದೆ. ಪ್ರಸಾರ ಸಂಸ್ಥೆಯು ತನ್ನ ಮುದ್ರೆಯನ್ನು ನೋಡುತ್ತದೆ. ಒಕ್ಕೂಟದ ಸಮಿತಿಯು ದೇಶಕ್ಕೆ ಒಪ್ಪುವ ಒಂದನ್ನು ಹುಡುಕುತ್ತದೆ. ಕಸುಬಿನವರ ಮಂಡಲಿಯು ಕೃತಿಯನ್ನು ನೋಡುತ್ತದೆ. ನಾಡು ತನ್ನ ಗೀತೆಯಲ್ಲಿ ತನ್ನ ಮುಖವನ್ನೇ ನೋಡಬಯಸುತ್ತದೆ. ಇನ್ನೊಂದು ಬಾಗಿಲೂ ಉಂಟು. ೨೦೨೪ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಚಿದಾನಂದ ನಾಯಕರು ಮಾಡಿದ ಕನ್ನಡ ಕಿರುಚಿತ್ರ. ಕೋಳಿಯನ್ನು ಕದ್ದೊಯ್ದ ಮುದುಕಿಯ ಜನಪದ ಕಥೆಯೇ ಅದರ ವಸ್ತು. ಅದನ್ನೂ ದೇಶವು ಆರಿಸಿರಲಿಲ್ಲ, ಆರಿಸಿದುದು ಶಾಲೆ.

ದೇಶದ ಒಂದೇ ಬಾಗಿಲಿನ ಮುಂದೆ ಸರದಿಗಾಗಿ ನಿಂತ ಭಾಷೆಗೆ ಅದು ತೆರೆಯದಿದ್ದಾಗ ಖೇದವಾಗುವುದು ನ್ಯಾಯವೇ. ಆ ಬಾಗಿಲನ್ನು ಅಗಲಗೊಳಿಸಬೇಕೆಂದು ಕೇಳುವುದೂ ನ್ಯಾಯವೇ. ಆದರೆ ಉಳಿದ ಬಾಗಿಲುಗಳಲ್ಲಿ ಕೇಳುವುದು ನಾಡಿನ ಹೆಸರನ್ನಲ್ಲ, ಮೂಲದಲ್ಲಿ ಹೊಸದಾಗಿ ಹುಟ್ಟಿದ ಮಾತನ್ನು. ಆ ಮಾತು ಕನ್ನಡದಲ್ಲಿ ಹುಟ್ಟುವವರೆಗೆ ಕನ್ನಡದ ಪಾಲಿಗೆ ಅನುವಾದದ ಹಾಡೇ ಉಳಿಯುವುದು.