ಶಸ್ತ್ರಚಿಕಿತ್ಸೆಯ ಅನಂತರ ತೋಳಿನ ಪಾಡು

ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸ್ತ್ರೀ ಬದುಕಿ ಉಳಿದಳೆಂದು ನಾವು ಸಂತೋಷಪಡುತ್ತೇವೆ. ಆಕೆಯ ತೋಳಿನ ವಿಷಯವನ್ನು ವಿಚಾರಿಸುವವರು ವಿರಳ. ರೋಗವು ಹರಡಿದ್ದರೆ ವೈದ್ಯರು ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆಯುವುದುಂಟು. ತೋಳಿನ ಅಂಗಾಂಶಗಳಲ್ಲಿ ಒಸರುವ ತಿಳಿಯಾದ ದುಗ್ಧರಸವು ರಕ್ತಕ್ಕೆ ಹಿಂದಿರುಗುವ ಹಾದಿ ಇವುಗಳ ಮೂಲಕವೇ. ಹಾದಿ ಕಡಿದರೆ ರಸವು ಅಲ್ಲಿಯೇ ನಿಂತು ತೋಳು ಊದಿಕೊಳ್ಳಬಹುದು. ಕೆಲವರಿಗೆ ತಿಂಗಳುಗಳಲ್ಲಿ, ಕೆಲವರಿಗೆ ವರ್ಷಗಳ ಮೇಲೆ. ರವಿಕೆಯ ತೋಳು ಬಿಗಿಯುತ್ತದೆ, ಬಳೆ ಏರುವುದಿಲ್ಲ.

ಅಂಥವರು ಭಾರ ಎತ್ತಲಾಗದೆಂಬುದು ಬಹುಕಾಲ ನಡೆದುಬಂದ ಕಟ್ಟಳೆ. ಹೇಳುವುದಕ್ಕೇನೋ ಸುಲಭ! ನೀರಿನ ಕೊಡವನ್ನೂ ಅಳುವ ಕೂಸನ್ನೂ ಎತ್ತದೆ ಸಂಸಾರ ನಡೆಸುವುದೆಂತು?

ಅಮೆರಿಕದ ಫಿಲಡೆಲ್ಫಿಯದಲ್ಲಿ ಕ್ಯಾಥರಿನ್ ಸ್ಮಿಟ್ಸ್ ಮತ್ತು ಅವರ ಸಹೋದ್ಯೋಗಿಗಳು ಈ ಕಟ್ಟಳೆಯನ್ನೇ ಪರೀಕ್ಷೆಗೆ ಒಡ್ಡಿದರು. ತೋಳು ಊದಿದ್ದ 141 ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಅಳತೆಗೆ ಹೊಲಿಸಿದ ಬಿಗಿಗವಸು ತೊಟ್ಟು, ವಾರಕ್ಕೆ ಎರಡು ಬಾರಿ ಭಾರ ಎತ್ತುವ ವ್ಯಾಯಾಮ ಮಾಡಿದರು. ಒಂದು ವರ್ಷ ಹೀಗೆ ಸಾಗಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಉಳಿದವರಿಗಿಂತ ಇವರ ಊತವು ಹೆಚ್ಚಲಿಲ್ಲ. ಅದು ಉಲ್ಬಣಿಸಿದ ಪ್ರಸಂಗಗಳೂ ಕಡಿಮೆಯೇ. ತೋಳಿನ ಬಲವಂತೂ ವೃದ್ಧಿಯಾಗಿತ್ತು. ಆದರೆ ಒಂದು ಮಾತನ್ನು ವಾಚಕರು ಗಮನಿಸಬೇಕು: ಮೊದಲ ವಾರಗಳ ಅಭ್ಯಾಸವೆಲ್ಲ ಶಿಕ್ಷಕರ ಕಣ್ಣೆದುರಿನಲ್ಲಿಯೇ ನಡೆಯಿತು, ಭಾರವು ಅತಿ ಹಗುರದಿಂದ ಮೆಲ್ಲಮೆಲ್ಲನೆ ಏರಿತು. ಮೊದಲ ದಿನವೇ ತುಂಬಿದ ಕೊಡಕ್ಕೆ ಯಾರೂ ಕೈಹಾಕಲಿಲ್ಲ.