ಬೆಳಕೂ ಬೆಳೆಯೂ

ಗೊಬ್ಬರ, ನೀರು, ಬಿತ್ತನೆಯ ಬೀಜ ಇವುಗಳ ವಿಷಯದಲ್ಲಿ ನಮ್ಮ ರೈತರು ಬಹಳ ವಿಚಾರಮಾಡುತ್ತಾರೆ. ಹಣ ತೆರದೆ ದೊರೆಯತಕ್ಕ ಬೆಳಕಿನ ವಿಷಯದಲ್ಲಿ ಅಷ್ಟು ಗಮನವಿರುವುದಿಲ್ಲ. ಬದುವಿನ ಮರದ ಕೆಳಗೆ ರಾಗಿಯ ಪೈರು ಬಡಕಲಾಗಿ ನಿಂತಿರುವುದನ್ನು ಎಲ್ಲರೂ ಕಂಡಿದ್ದಾರೆ. ಆ ನೆರಳಿನ ಸಲುವಾಗಿ ನೆರೆಹೊರೆಯ ಹಿಡುವಳಿದಾರರಲ್ಲಿ ವ್ಯಾಜ್ಯ ಹುಟ್ಟಿ ಗ್ರಾಮದ ಮುಖಂಡರ ಮುಂದೆ ಬರುವುದೂ ಉಂಟು. ಆದಕಾರಣ ಬೆಳಕು ಪೈರಿನಲ್ಲಿ ಮಾಡುವ ಕೆಲಸವೇನೆಂಬುದನ್ನು ಜಮೀನುದಾರರು ತಿಳಿದಿರುವುದು ಅವಶ್ಯಕ.

ಗಿಡವು ತನ್ನ ಆಹಾರವನ್ನೆಲ್ಲಾ ಮಣ್ಣಿನಿಂದಲೇ ಪಡೆಯುತ್ತದೆಂಬ ಭಾವನೆ ಸರಿಯಲ್ಲ. ಬೇರು ನೀರನ್ನೂ ಲವಣಗಳನ್ನೂ ಒದಗಿಸುತ್ತದೆ. ಎಲೆಯು ಗಾಳಿಯಿಂದ ಇಂಗಾಲಾಮ್ಲವಾಯುವನ್ನು ತೆಗೆದುಕೊಂಡು, ತನ್ನ ಹಸುರು ಪದಾರ್ಥವು ಹಿಡಿದ ಬೆಳಕಿನ ಶಕ್ತಿಯಿಂದ ಆ ವಾಯುವನ್ನೂ ನೀರನ್ನೂ ಸಕ್ಕರೆಯಾಗಿಯೂ ಪಿಷ್ಟವಾಗಿಯೂ ಮಾರ್ಪಡಿಸುತ್ತದೆ. ಆಮ್ಲಜನಕವನ್ನು ಹೊರಕ್ಕೆ ಬಿಡುತ್ತದೆ. ಒಣಗಿದ ಕಾಳು ಹುಲ್ಲುಗಳ ತೂಕದ ಬಹುಭಾಗವು ಹೀಗೆ ಗಾಳಿ ನೀರುಗಳಿಂದ ಬಂದದ್ದು. ಹಸುರು ಭಾಗಗಳು ಬೆಳಕಿನಲ್ಲಿ ಮಾತ್ರವೇ ಗಾಳಿಯನ್ನು ಶುದ್ಧಿಪಡಿಸುತ್ತವೆಂದು 1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯನು ತೋರಿಸಿದನು. ಎಲೆಯ ಪಿಷ್ಟವು ಬೆಳಕಿನಿಂದಲೇ ಉಂಟಾಗುತ್ತದೆಂದು ಮುಂದಿನ ಶತಮಾನದಲ್ಲಿ ಜರ್ಮನಿಯ ಸಾಕ್ಸ್ ಎಂಬ ಪಂಡಿತನು ಸ್ಥಾಪಿಸಿದನು.

ಪರೀಕ್ಷೆಗಳು

ಇದನ್ನು ಗ್ರಾಮದ ಪಾಠಶಾಲೆಯಲ್ಲಿಯೇ ಪರೀಕ್ಷಿಸಬಹುದು. ಕುಂಡದಲ್ಲಿರುವ ದಾಸವಾಳದ ಗಿಡವನ್ನು ಎರಡು ದಿನ ಕತ್ತಲೆಯ ಕೋಣೆಯಲ್ಲಿಡಬೇಕು. ಬಳಿಕ ಒಂದು ಎಲೆಯ ಮಧ್ಯಭಾಗವನ್ನು ಎರಡು ಕಡೆಯೂ ಕಪ್ಪು ಕಾಗದದಿಂದ ಮುಚ್ಚಿ, ಗಿಡವನ್ನು ಒಂದು ಹಗಲು ಬಿಸಿಲಿನಲ್ಲಿಡಬೇಕು. ಸಾಯಂಕಾಲ ಆ ಎಲೆಯನ್ನು ಕಿತ್ತು, ಕಾಗದವನ್ನು ತೆಗೆದು, ಕುದಿಯುವ ನೀರಿನಲ್ಲಿ ಅದ್ದಿ, ಹಸುರು ಹೋಗುವವರೆಗೆ ಸ್ಪಿರಿಟಿನಲ್ಲಿಡಬೇಕು. ಸ್ಪಿರಿಟನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಬೇಕಲ್ಲದೆ ಬೆಂಕಿಯ ಹತ್ತಿರ ತರಲೇಕೂಡದು. ತೊಳೆದ ಎಲೆಯ ಮೇಲೆ ಅಯೋಡಿನ್ ದ್ರವವನ್ನು ಹಾಕಿದರೆ ಬಿಸಿಲು ಬಿದ್ದ ಭಾಗವು ಕಪ್ಪುನೀಲಿಯಾಗುತ್ತದೆ. ಮುಚ್ಚಿದ ಭಾಗವು ಆಗುವುದಿಲ್ಲ. ಅಲ್ಲಿ ಪಿಷ್ಟವಿಲ್ಲವೆಂದು ಅರ್ಥ.

ಎರಡನೆಯದಾಗಿ, ಕೆರೆಯ ನೀರಿನೊಳಗೆ ಬೆಳೆಯುವ ಗಿಡದ ಒಂದು ತುಂಡನ್ನು, ಕತ್ತರಿಸಿದ ತುದಿ ಮೇಲಾಗಿರುವಂತೆ, ಗಾಜಿನ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಪ್ರಕಾಶವಾದ ವಿದ್ಯುದ್ದೀಪದ ಎದುರಿಗಿಟ್ಟು, ಏಳುವ ಗುಳ್ಳೆಗಳನ್ನು ಎಣಿಸಬೇಕು. ದೀಪವನ್ನು ಎರಡರಷ್ಟು ದೂರಕ್ಕೆ ಸರಿಸಿದರೆ ತಗಲುವ ಬೆಳಕು ಕಾಲುಪಾಲಾಗುತ್ತದೆ, ಗುಳ್ಳೆಗಳೂ ಕಡಿಮೆಯಾಗುತ್ತವೆ. ಹತ್ತಿರ ತಂದಂತೆ ಹೆಚ್ಚಿ, ಒಂದು ಮಿತಿಯಲ್ಲಿ ನಿಲ್ಲುತ್ತವೆ. ಆಗ ನೀರಿಗೆ ಚಿಟಿಕೆ ಅಡಿಗೆ ಸೋಡ ಬೆರೆಸಿದರೆ ಇಂಗಾಲಾಮ್ಲವು ಒದಗಿ ಗುಳ್ಳೆಗಳು ಪುನಃ ಹೆಚ್ಚಬಹುದು. ಜೋಡಿಯಲ್ಲಿ ನಿಧಾನವಾದ ಎತ್ತಿನಂತೆಯೇ ನೇಗಿಲು ಸಾಗುವ ಹಾಗೆ, ಬೆಳಕು, ವಾಯು, ನೀರು, ಶಾಖ ಇವುಗಳಲ್ಲಿ ಯಾವುದು ಕೊರತೆಯೋ ಅದೇ ಬೆಳವಣಿಗೆಯನ್ನು ತಡೆಯುತ್ತದೆ. ಈ ತತ್ತ್ವವನ್ನು 1905ರಲ್ಲಿ ಇಂಗ್ಲೆಂಡಿನ ಬ್ಲಾಕ್‌ಮನ್ ಎಂಬವನು ನಿರೂಪಿಸಿದನು.

ಬೇಸಾಯದಲ್ಲಿ ಅನ್ವಯ

ಭತ್ತ, ಅವರೆ ಮೊದಲಾದವುಗಳ ಎಲೆಯು ನಡುಹಗಲಿನ ಪೂರ್ಣ ಬಿಸಿಲನ್ನು ಉಪಯೋಗಿಸಿಕೊಳ್ಳಲಾರದು. ರಾಗಿ, ಜೋಳ, ಕಬ್ಬುಗಳಾದರೋ ಬಿಸಿಲು ಹೆಚ್ಚಿದಂತೆ ಹೆಚ್ಚು ಕೆಲಸಮಾಡುತ್ತವೆ. ಇವುಗಳ ಎಲೆಯಲ್ಲಿ ಇಂಗಾಲಾಮ್ಲವನ್ನು ಕೂಡಿಹಾಕುವ ವಿಶೇಷ ಏರ್ಪಾಡು ಉಂಟು. ಅದರ ಕ್ರಮವನ್ನು 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬವರು ಕಬ್ಬಿನಲ್ಲಿ ವಿವರಿಸಿದರು. ಆದ್ದರಿಂದ ನೆರಳು ರಾಗಿಗೆ ವಿಶೇಷ ನಷ್ಟಕರ. ಮುಂಗಾರು ಬಿತ್ತನೆಗೆ ಮುಂಚೆ ಬದುವಿನ ಹೊಂಗೆ ಮೊದಲಾದ ಮರಗಳ ಕೆಳಗೊಂಬೆಗಳನ್ನು ಸವರಿ, ಸೊಪ್ಪನ್ನು ಗೊಬ್ಬರಕ್ಕೆ ಉಪಯೋಗಿಸತಕ್ಕದ್ದು. ಮರದ ಬೇರುಗಳು ಪೈರಿನ ನೀರನ್ನೂ ಹೀರುವುದರಿಂದ, ಬದುವಿನ ಮಗ್ಗುಲಲ್ಲಿ ಕಂದಕ ತೋಡುವುದೂ ಹಿತಕರ. ಚಳಿಗಾಲದಲ್ಲಿ ನಡುಹಗಲಿನ ನೆರಳು ಮರದ ಉತ್ತರಕ್ಕೆ ಬೀಳುತ್ತದೆ. ಮರ ನೆಡುವವರು ಪಕ್ಕದ ಜಮೀನು ಯಾವ ದಿಕ್ಕಿನಲ್ಲಿದೆಯೆಂಬುದನ್ನು ಮೊದಲೇ ನೋಡಿಕೊಂಡರೆ ವ್ಯಾಜ್ಯಕ್ಕೆ ಆಸ್ಪದವಿರದು. ಎಳೆಯ ಪೈರನ್ನು ಕಳೆಯು ಮುಚ್ಚಿಕೊಳ್ಳಲು ಬಿಡಬಾರದು. ಒತ್ತಾಗಿ ಬಿತ್ತಿದರೂ ಒಂದು ಪೈರು ಇನ್ನೊಂದಕ್ಕೆ ನೆರಳಾಗುತ್ತದೆ.

ಕಾಫಿ, ಏಲಕ್ಕಿ, ವೀಳ್ಯದೆಲೆಗಳು ಮಾತ್ರ ಮಿತವಾದ ನೆರಳನ್ನು ಸಹಿಸುತ್ತವೆ. ಅಲ್ಲಿಯೂ ನೆರಳು ಅತಿಯಾದರೆ ಕಾಫಿಯ ಹೂವು ಕಡಿಮೆಯಾಗಿ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಅನುಕೂಲವಾಗುತ್ತದೆ. ಮಲೆನಾಡಿನ ತೋಟಗಾರರು ಮರಗಸಿ ಮಾಡುವುದು ಈ ಕಾರಣದಿಂದಲೇ.

ಮರಗಳನ್ನು ಕಡಿದುಹಾಕಬೇಕೆಂದು ಇದರ ತಾತ್ಪರ್ಯವಲ್ಲ. ಮರವೂ ಬೇಕು, ಪೈರೂ ಬೇಕು. ಯಾವ ಬೆಳೆಗೆ ಎಷ್ಟು ಬೆಳಕು ಅಗತ್ಯವೆಂಬುದನ್ನರಿತು ಅವೆರಡಕ್ಕೂ ತಕ್ಕ ಸ್ಥಳವನ್ನು ಗೊತ್ತುಮಾಡುವುದೇ ಜಾಣತನದ ಬೇಸಾಯ.